ಹಳೆಯ ವರ್ಕ್‌ಸ್ಟೇಷನ್‌ಗೆ ಬೇರೆ ಕಂಪನಿಯ ಡಿಸ್ಕ್: 50 ಪಿನ್, 80 ಪಿನ್ ಮತ್ತು ಎಸ್‌ಡಿ ಕಾರ್ಡ್

ಸನ್ ಕಂಪನಿಯ ಸ್ಪಾರ್ಕ್‌ಸ್ಟೇಷನ್ 2 (1990) ಮತ್ತು ಸಿಲಿಕಾನ್ ಗ್ರಾಫಿಕ್ಸ್‌ನ ಇಂಡಿ (1993), ಈ ಎರಡೂ ವರ್ಕ್‌ಸ್ಟೇಷನ್‌ಗಳ ಒಳಗಿರುವುದು 50 ಪಿನ್ನಿನ ಸ್ಕಸಿ (SCSI) ಬಸ್ಸು, ಅಂದರೆ ಹಲವು ಡಿಸ್ಕ್‌ಗಳನ್ನು ಯಂತ್ರಕ್ಕೆ ಜೋಡಿಸುವ ಒಂದೇ ತಂತಿಮಾರ್ಗ. ಮೂಲ ಡಿಸ್ಕ್ ಕೆಟ್ಟಾಗ ಅಥವಾ ಜಾಗ ಸಾಲದಾದಾಗ ಬೇರೆ ಕಂಪನಿಯ ಡಿಸ್ಕ್ ಹಾಕಲು ಮುಖ್ಯವಾಗಿ ಮೂರು ದಾರಿಗಳಿವೆ: ಅದೇ ಕಾಲದ 50 ಪಿನ್ನಿನ ಡ್ರೈವ್ ಹುಡುಕುವುದು, ಸರ್ವರ್‌ಗಳಿಂದ ಕಳಚಿದ 80 ಪಿನ್ನಿನ ಡ್ರೈವ್‌ಗೆ ಅಡಾಪ್ಟರ್ ಜೋಡಿಸುವುದು, ಇಲ್ಲವೇ ಎಸ್‌ಡಿ ಕಾರ್ಡನ್ನೇ ಸ್ಕಸಿ ಡಿಸ್ಕ್ ಎಂದು ಯಂತ್ರಕ್ಕೆ ತೋರಿಸುವ ಬ್ಲೂಸ್ಕಸಿ, ಝುಲುಸ್ಕಸಿ, ಸ್ಕಸಿ2ಎಸ್‌ಡಿ ತರಹದ ಪುಟ್ಟ ಬೋರ್ಡನ್ನು ಬಳಸುವುದು. ಮೂರನ್ನೂ ಎರಡೂ ಯಂತ್ರಗಳಲ್ಲಿ ಬಳಸಿ ನೋಡಿದ್ದೇನೆ. ಡಿಸ್ಕಿನ ವೇಗಕ್ಕಿಂತ ಅದರ ಶಾಖ ಮತ್ತು ಟರ್ಮಿನೇಷನ್ (ಸಂಕೇತಗಳು ಮರಳಿ ಪ್ರತಿಫಲಿಸದಂತೆ ಬಸ್ಸಿನ ತುದಿಗಳನ್ನು ಮುಗಿಸುವುದು) ಹೆಚ್ಚು ಮುಖ್ಯವೆಂಬುದು ನನ್ನ ಅಭಿಪ್ರಾಯ. ಸ್ಪಾರ್ಕ್‌ಸ್ಟೇಷನ್ 2ರ ಬಸ್ಸು ಸೆಕೆಂಡಿಗೆ 5 ಮೆಗಾಬೈಟ್‌ಗೆ ಮತ್ತು ಇಂಡಿಯದು 10 ಮೆಗಾಬೈಟ್‌ಗೆ ನಿಲ್ಲುವುದರಿಂದ, ಅದನ್ನು ಮೀರಿದ ವೇಗವನ್ನು ಡ್ರೈವ್ ಎಷ್ಟೇ ಹೊತ್ತು ತಂದರೂ ಉಪಯೋಗವಿಲ್ಲ.

ಕಂಪನಿಯ ಮುದ್ರೆಯಿಲ್ಲದ ಡಿಸ್ಕನ್ನು ಯಂತ್ರ ಒಪ್ಪುವುದೋ ಇಲ್ಲವೋ ಎಂಬ ಅಳುಕಿಗೆ ಹೆಚ್ಚು ಆಧಾರವಿಲ್ಲ. ಸನ್ ತನ್ನ ಡಿಸ್ಕ್‌ಗಳನ್ನು ತಾನೇ ತಯಾರಿಸುತ್ತಿರಲಿಲ್ಲ. ಸೀಗೇಟ್‌ನಂತಹ ತಯಾರಕರ ಡ್ರೈವ್‌ಗಳೇ ‘ಸನ್0424’ ಎಂಬಂತಹ ಹೆಸರು ಹೊತ್ತು ಬರುತ್ತಿದ್ದವು. ಸನ್‌ನ ಕಾರ್ಯಾಚರಣಾ ವ್ಯವಸ್ಥೆಯಾದ ಸೊಲಾರಿಸ್ 2ರ ನಂತರದ ಆವೃತ್ತಿಗಳಲ್ಲಿ ಫಾರ್ಮ್ಯಾಟ್ ಆದೇಶವು ಡ್ರೈವ್‌ನಿಂದಲೇ ಅದರ ಅಳತೆಗಳನ್ನು ಕೇಳಿ ತಿಳಿದುಕೊಂಡು ಲೇಬಲ್ (ಡಿಸ್ಕಿನ ಅಳತೆ, ವಿಭಾಗಗಳ ವಿವರ) ಬರೆಯುತ್ತದೆ. ಅದಕ್ಕಿಂತ ಹಳೆಯ ಸನ್‌ಓಎಸ್ 4.1ರಲ್ಲಿ ಮಾತ್ರ ಸಿಲಿಂಡರ್, ಹೆಡ್, ಸೆಕ್ಟರ್‌ಗಳ ಸಂಖ್ಯೆಯನ್ನು ನಾವೇ ಕೊಡಬೇಕು ಮತ್ತು ಯಾವ ಪಾರ್ಟಿಷನ್ನೂ 2 ಗಿಗಾಬೈಟ್ ದಾಟದಂತೆ ನೋಡಿಕೊಳ್ಳಬೇಕು. ಇಂಡಿಯಲ್ಲಿ ಎಫ್‌ಎಕ್ಸ್ ಎಂಬ ಸಾಧನವು ಯಾರ ಡಿಸ್ಕ್ ಆದರೂ ತಕರಾರಿಲ್ಲದೆ ಲೇಬಲ್ ಬರೆದುಕೊಡುತ್ತದೆ. ಈ ವಿಷಯದಲ್ಲಿ ನಿಜಕ್ಕೂ ಹಟ ಹಿಡಿದದ್ದು ಆಪಲ್: ಅದರ ಹಳೆಯ ಡಿಸ್ಕ್ ಸಿದ್ಧಪಡಿಸುವ ಪ್ರೋಗ್ರಾಂ, ಡ್ರೈವ್ ಹೇಳುವ ಹೆಸರು ನೋಡಿಯೇ ಬೇಡವೆನ್ನುತ್ತಿತ್ತು.

50 ಪಿನ್ನಿನ ಹಳೆಯ ಡ್ರೈವ್ ಕೂರಿಸುವುದು ಮೂರರಲ್ಲಿ ಅತ್ಯಂತ ಸುಲಭ. ಕೇಬಲ್ ನೇರವಾಗಿ ಕೂರುತ್ತದೆ, ಬಸ್ಸಿನಲ್ಲಿ ಡ್ರೈವ್‌ನ ಸಂಖ್ಯೆಯನ್ನು ಸೂಚಿಸುವ ಐಡಿ ಜಂಪರ್ ಹಾಕಿದರೆ ಕೆಲಸ ಮುಗಿಯಿತು. ಸನ್‌ನಲ್ಲಿ ಬೂಟ್ ಡಿಸ್ಕ್‌ಗೆ ರೂಢಿಯ ಐಡಿ 3, ಇಂಡಿಯಲ್ಲಿ 1. ಸನ್‌ನಲ್ಲಿ ಕಂಟ್ರೋಲರ್ 7ನ್ನು ಇಟ್ಟುಕೊಂಡರೆ ಇಂಡಿಯ ಕಂಟ್ರೋಲರ್ 0ಯನ್ನು ಇಟ್ಟುಕೊಳ್ಳುತ್ತದೆ ಎಂಬುದು ಒಂದು ಯಂತ್ರದಿಂದ ಇನ್ನೊಂದಕ್ಕೆ ಡ್ರೈವ್ ಬದಲಿಸುವವರು ನೆನಪಿಡಬೇಕಾದ ಸಂಗತಿ. ಆದರೆ ಈ ಡ್ರೈವ್‌ಗಳಿಗೆ ಈಗ ಮೂರು ದಶಕಗಳಷ್ಟು ವಯಸ್ಸು. ಬೇರಿಂಗ್ ಸವೆದು ಕೀರಲು ದನಿ ಹೊರಡಿಸುವುದು, ಒಳಗಿನ ರಬ್ಬರ್ ಅಂಟಂಟಾಗಿ ಹೆಡ್ ಹಿಡಿದುಕೊಳ್ಳುವುದು ಇವುಗಳ ಸಾಮಾನ್ಯ ರೋಗಗಳು. ಇಂದು ಚೆನ್ನಾಗಿ ತಿರುಗಿದ ಡ್ರೈವ್ ಮುಂದಿನ ತಿಂಗಳೂ ತಿರುಗುತ್ತದೆಂದು ನಂಬಿ ಅದರ ಮೇಲೆ ಕೆಲಸ ಇಡಲು ನಾನು ಸಿದ್ಧನಿಲ್ಲ. ಮೂಲರೂಪ ಉಳಿಸಿಕೊಳ್ಳುವ ಹಂಬಲವಿದ್ದವರಿಗಷ್ಟೇ ಇದು ಸರಿ.

80 ಪಿನ್ನಿನ ಡ್ರೈವ್‌ನ ವಿಚಾರ ಇಷ್ಟು ಸರಳವಲ್ಲ. ಇವು 16 ಬಿಟ್ಟಿನ ಅಗಲ ಬಸ್ಸಿಗಾಗಿ ಮಾಡಿದವು. ವಿದ್ಯುತ್ತು, ಐಡಿ, ದತ್ತಾಂಶ ಎಲ್ಲವೂ ಒಂದೇ ಕನೆಕ್ಟರ್‌ನಲ್ಲಿ ಹಾದುಹೋಗುತ್ತವೆ. ಅದನ್ನು 50 ಪಿನ್ನಿಗೆ ಇಳಿಸುವಾಗ ಬಳಕೆಯಾಗದೆ ಉಳಿಯುವ ಮೇಲಿನ 8 ಬಿಟ್ಟುಗಳ ತಂತಿಗಳನ್ನು ಅಡಾಪ್ಟರ್ ತಾನೇ ಟರ್ಮಿನೇಟ್ ಮಾಡಬೇಕು. ಅಗ್ಗದ ಕೆಲವು ಅಡಾಪ್ಟರ್‌ಗಳಲ್ಲಿ ಆ ವ್ಯವಸ್ಥೆ ಇರುವುದಿಲ್ಲ. ಡ್ರೈವ್ ಒಮ್ಮೆ ಕಾಣಿಸಿ, ಇನ್ನೊಮ್ಮೆ ಮಾಯವಾಗಿ, ದೊಡ್ಡ ಕಡತ ನಕಲಿಸುವ ಮಧ್ಯೆ ಬಸ್ ರೀಸೆಟ್ ಆಗುತ್ತಿದ್ದರೆ ಮೊದಲು ಶಂಕಿಸಬೇಕಾದದ್ದು ಇದನ್ನೇ. ಜೊತೆಗೆ ಈ ಡ್ರೈವ್‌ಗಳೊಳಗೆ ಟರ್ಮಿನೇಟರ್ ಇಲ್ಲದ ಕಾರಣ, ಡ್ರೈವ್ ಬಸ್ಸಿನ ತುದಿಯಲ್ಲಿದ್ದರೆ ಬೇರೆಯಾಗಿ ಆಕ್ಟಿವ್ ಟರ್ಮಿನೇಟರ್ ಹಾಕಬೇಕಾಗುತ್ತದೆ. ಕಡಿಮೆ ವೋಲ್ಟೇಜಿನ ಜೋಡಿ ತಂತಿಗಳಲ್ಲಿ ಸಂಕೇತ ಕಳಿಸುವ ಎಲ್‌ವಿಡಿ ಡ್ರೈವ್‌ಗಳು, ಸಂಕೇತಕ್ಕೊಂದೇ ತಂತಿಯಿರುವ ಹಳೆಯ ಸಿಂಗಲ್ ಎಂಡೆಡ್ ಬಸ್ಸಿಗೆ ತಾವಾಗಿಯೇ ಹೊಂದಿಕೊಳ್ಳುತ್ತವೆ. ನೋಡಲು ಅವುಗಳಂತೆಯೇ ಇರುವ, ಹೆಚ್ಚು ವೋಲ್ಟೇಜಿನ ಎಚ್‌ವಿಡಿ ಡ್ರೈವ್‌ಗಳನ್ನು ಮಾತ್ರ ಹತ್ತಿರಕ್ಕೂ ತರಬಾರದು, ಎರಡೂ ಕಡೆಯ ಸರ್ಕ್ಯೂಟ್ ಸುಡಬಹುದು. ದೊಡ್ಡ ಸ್ಟೋರೇಜ್ ಪೆಟ್ಟಿಗೆಗಳಿಂದ ಬಂದ ಡ್ರೈವ್ 520 ಬೈಟ್‌ನ ಸೆಕ್ಟರ್ ಹೊಂದಿದ್ದರೆ, ಲಿನಕ್ಸ್ ಯಂತ್ರಕ್ಕೆ ಜೋಡಿಸಿ ಎಸ್‌ಜಿ_ಫಾರ್ಮ್ಯಾಟ್ ಆದೇಶದಿಂದ 512ಕ್ಕೆ ಮರಳಿಸಬೇಕು. ಅದಕ್ಕೆ ಗಂಟೆಗಟ್ಟಲೆ ಕಾಯಬೇಕಾದೀತು.

ಇಷ್ಟೆಲ್ಲ ಆದ ಮೇಲೆ ಡ್ರೈವ್ ಓಡುವುದೇನೋ ಚೆನ್ನಾಗಿಯೇ. ಬಸ್ಸಿನ ಮಿತಿ ಇದ್ದರೂ ಹುಡುಕುವ ಸಮಯ ಕಡಿಮೆಯಾದ್ದರಿಂದ, ಸಾವಿರಾರು ಸಣ್ಣ ಕಡತಗಳಿರುವ ಸೋರ್ಸ್ ಕೋಡನ್ನು ಕಂಪೈಲ್ ಮಾಡುವಾಗ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ತೊಡಕಿರುವುದು ಶಾಖದಲ್ಲಿ. ನಿಮಿಷಕ್ಕೆ 10,000 ಸುತ್ತಿನ ಡ್ರೈವನ್ನು ಸ್ಪಾರ್ಕ್‌ಸ್ಟೇಷನ್ 2ರ ಚಪ್ಪಟೆ ಪೆಟ್ಟಿಗೆಯಲ್ಲಿ ಇಟ್ಟರೆ ಸ್ವಲ್ಪ ಹೊತ್ತಿಗೇ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಅದನ್ನು ಸ್ವಂತ ಫ್ಯಾನ್ ಮತ್ತು ಸ್ವಂತ ವಿದ್ಯುತ್ ಪೂರೈಕೆಯಿರುವ ಹೊರಪೆಟ್ಟಿಗೆಯಲ್ಲಿ ಇಡುವುದೇ ಲೇಸು. ಒಳಗೇ ಬೇಕೆಂದರೆ 7,200 ಸುತ್ತಿನದನ್ನು ಹುಡುಕಬೇಕು.

ಎಸ್‌ಡಿ ಬೋರ್ಡ್‌ಗೆ ಶಾಖವೂ ಇಲ್ಲ, ಸದ್ದೂ ಇಲ್ಲ. ಡಿಸ್ಕ್ ಎಂಬುದು ಕಾರ್ಡಿನಲ್ಲಿರುವ ಒಂದು ಇಮೇಜ್ ಕಡತ ಮಾತ್ರ. ಬ್ಲೂಸ್ಕಸಿಯಲ್ಲಿ ಆ ಕಡತದ ಹೆಸರಿನಲ್ಲಿರುವ ಅಂಕಿಯೇ ಸ್ಕಸಿ ಐಡಿಯಾಗುತ್ತದೆ. ಒಂದೇ ಬೋರ್ಡ್ ಹಲವು ಡಿಸ್ಕ್‌ಗಳಾಗಿ, ಜೊತೆಗೆ ಸಿಡಿ ಡ್ರೈವ್ ಆಗಿಯೂ ಕಾಣಿಸಿಕೊಳ್ಳಬಲ್ಲದು. ಸನ್ ಮತ್ತು ಸಿಲಿಕಾನ್ ಗ್ರಾಫಿಕ್ಸ್ ಯಂತ್ರಗಳು ಬೂಟ್ ಆಗಲು 512 ಬೈಟ್ ಬ್ಲಾಕ್‌ನ ಸಿಡಿ ಡ್ರೈವನ್ನೇ ಬೇಡುತ್ತವಾದ್ದರಿಂದ, ಅಂಥ ಡ್ರೈವ್‌ಗಾಗಿ ಅಲೆಯುವುದು ತಪ್ಪುವುದೇ ದೊಡ್ಡ ಲಾಭ. ಗಾತ್ರವನ್ನು ನಾವೇ ನಿರ್ಧರಿಸುವ ಅನುಕೂಲವೂ ಸಣ್ಣದಲ್ಲ. ಡೆಕ್ ಕಂಪನಿಯ ವ್ಯಾಕ್ಸ್‌ಸ್ಟೇಷನ್ 3100ರ ರೋಮ್ (ROM) 6 ಬೈಟ್‌ನ ಸ್ಕಸಿ ಆದೇಶಗಳನ್ನೇ ಬಳಸುತ್ತದೆ. ಅದರಲ್ಲಿ ವಿಳಾಸಕ್ಕೆ 21 ಬಿಟ್ಟುಗಳಷ್ಟೇ ಇರುವುದರಿಂದ 1.07 ಗಿಗಾಬೈಟ್‌ನಾಚೆಯ ಜಾಗ ಅದಕ್ಕೆ ಎಟುಕದು. ಅಂತಹ ಯಂತ್ರಕ್ಕೆ ಮಿತಿಯೊಳಗಿನ ಇಮೇಜ್ ಮಾಡಿಕೊಟ್ಟರೆ ಸಾಕು.

ಕೊರತೆಗಳೂ ಇವೆ. ಹಳೆಯ ಸ್ಕಸಿ2ಎಸ್‌ಡಿ 5ನೆಯ ಆವೃತ್ತಿಯ ಬೋರ್ಡ್ ಇಂಡಿಗೆ ತೀರಾ ನಿಧಾನ. ಅದರ 6ನೆಯ ಆವೃತ್ತಿ ಮತ್ತು ಬ್ಲೂಸ್ಕಸಿಯ 2ನೆಯ ಆವೃತ್ತಿಗಳು ಬಸ್ಸಿನ ಮಿತಿಯ ಹತ್ತಿರಕ್ಕೆ ಬರುತ್ತವೆ. ಸಾಧಾರಣ ಕಾರ್ಡ್‌ನಲ್ಲಿ ಸಣ್ಣ ಬರಹಗಳು ಒಟ್ಟಾಗಿ ಬಂದಾಗ ಯಂತ್ರ ಅರೆಗಳಿಗೆ ತಡವರಿಸುತ್ತದೆ. ಮೆಮೊರಿ ಕಡಿಮೆಯಿರುವ ಯಂತ್ರವು ಸ್ವಾಪ್ ಜಾಗಕ್ಕೆ (ಮೆಮೊರಿ ಸಾಲದಾದಾಗ ಬಳಸುವ ಡಿಸ್ಕ್ ಜಾಗ) ಎಡೆಬಿಡದೆ ಬರೆಯುತ್ತಿದ್ದರೆ ಕಾರ್ಡ್ ಬೇಗ ಸವೆಯುತ್ತದೆ. ಸಾಮಾನ್ಯ ಪಿಸಿಗಳ ಐಡಿಇ ಡಿಸ್ಕನ್ನು ಸ್ಕಸಿಗೆ ಇಳಿಸುವ ಬ್ರಿಜ್‌ಗಳು ಒಂದು ಕಾಲಕ್ಕೆ ಒಳ್ಳೆಯ ನಡುದಾರಿಯಾಗಿದ್ದವು. ಈ ಬೋರ್ಡ್‌ಗಳು ಬಂದ ಮೇಲೆ ಅವನ್ನು ಹುಡುಕಿಕೊಂಡು ಹೋಗಲು ಕಾರಣ ಕಾಣುವುದಿಲ್ಲ.

ಆದ್ದರಿಂದ ಸ್ಪಾರ್ಕ್‌ಸ್ಟೇಷನ್‌ಗೆ ನನ್ನ ಆಯ್ಕೆ ಎಸ್‌ಡಿ ಬೋರ್ಡ್ ಒಂದೇ. ಇಂಡಿಯಲ್ಲಿ ಐಡಿ 1ಕ್ಕೆ ಎಸ್‌ಡಿ ಬೋರ್ಡ್ ಇಟ್ಟು ಅದರಿಂದ ಇಂಡಿಯ ಕಾರ್ಯಾಚರಣಾ ವ್ಯವಸ್ಥೆಯಾದ ಐರಿಕ್ಸ್ ಬೂಟ್ ಮಾಡಿಸಿ, ಸ್ವಾಪ್ ಮತ್ತು ಕೆಲಸದ ಕಡತಗಳನ್ನು ಹೊರಪೆಟ್ಟಿಗೆಯ 80 ಪಿನ್ನಿನ ಡ್ರೈವ್‌ಗೆ ವಹಿಸಿದ್ದೇನೆ. ಇಂಡಿಗೆ ಹೊಸ ಬೂಟ್ ಡಿಸ್ಕ್ ಸಿದ್ಧಪಡಿಸುವವರು ಡಿಸ್ಕಿನ ಆರಂಭದಲ್ಲಿರುವ ವಾಲ್ಯೂಮ್ ಹೆಡರ್ ಎಂಬ ಭಾಗಕ್ಕೆ ‘ಸ್ಯಾಶ್’ ಎಂಬ ಬೂಟ್ ಪ್ರೋಗ್ರಾಂ ಅನ್ನು ಡಿವಿಎಚ್‌ಟೂಲ್‌ನಿಂದ ನಕಲಿಸಬೇಕು. ಕಡತವ್ಯವಸ್ಥೆಯನ್ನು ಮಾತ್ರ ನಕಲಿಸಿದ ಡಿಸ್ಕ್‌ನಿಂದ ಇಂಡಿ ಬೂಟ್ ಆಗುವುದಿಲ್ಲ.