ಡ್ರ್ಯಾಗ್ ಕಾರಿನ ವಿಂಡೋ ನೆಟ್: ಬಲೆಗೆ ನಾಲ್ಕು ಸ್ಟಾರ್, ಕೊಂಡಿಗೆ ಎರಡೇ

ಡ್ರ್ಯಾಗ್ ರೇಸ್ (ಕಾಲು ಮೈಲಿಯ ನೇರ ಓಟ) ಕಾರಿನಲ್ಲಿ ಡ್ರೈವರ್ ಕಡೆಯ ಕಿಟಕಿಗೆ ಕಟ್ಟುವ ಬಲೆ ಇದು. ಬಲೆ ಚೆನ್ನಾಗಿದೆ. ಜೊತೆಗೆ ಕೊಂಡ ಫಿಟ್ಟಿಂಗ್ ಕಿಟ್ (ಬಲೆ ಹಿಡಿದಿಡುವ ಸರಳು, ಕೊಂಡಿ) ಚೆನ್ನಾಗಿಲ್ಲ. ಅವಸರದಲ್ಲಿರುವವರು ಇಷ್ಟು ಓದಿ ಮುಂದೆ ಹೋಗಬಹುದು. ಉಳಿದವರಿಗೆ ವಿವರವಾಗಿ ಹೇಳುತ್ತೇನೆ. ಈ ಸಾಮಾನಿನ ಬಗ್ಗೆ ಸಿಗುವ ವಿಮರ್ಶೆಗಳೆಲ್ಲ "ಬಂತು, ಹಾಕಿದೆ, ಟೆಕ್ ಪಾಸಾಯ್ತು" (ಟೆಕ್ ಅಂದರೆ ರೇಸಿಗೆ ಮುಂಚಿನ ಸುರಕ್ಷತಾ ತಪಾಸಣೆ) ಅಂತ ಮೊದಲ ವಾರದಲ್ಲೇ ಬರೆದವು. ಹಾಕಿದ ವಾರ ಯಾವ ಬಲೆಯಾದರೂ ಚೆನ್ನಾಗೇ ಇರುತ್ತದೆ, ಅಲ್ವಾ? ನಾನು ಈಗ ಎರಡನೇ ಬಲೆ ಬಳಸುತ್ತಿದ್ದೇನೆ. ಮೊದಲನೆಯದರ ಅವಧಿ ಮುಗಿಯಿತು. ಕಂಪನಿಯ ಹೆಸರು ಬರೆಯುವುದಿಲ್ಲ, ಯಾಕೆಂದರೆ ನನ್ನ ತಕರಾರು ಈ ಬೆಲೆಯ ಕಿಟ್‌ಗಳಲ್ಲಿ ಹೆಚ್ಚಿನವಕ್ಕೆ ಹೊಂದುತ್ತದೆ.

ಕಾರು 1990ರ ಫೋರ್ಡ್ ಮಸ್ಟಾಂಗ್, ಫಾಕ್ಸ್ ಬಾಡಿ ಅನ್ನುವ ಮಾದರಿ, ನಾಚ್‌ಬ್ಯಾಕ್. ಮನೆ ಡಲ್ಲಾಸ್ ಪಕ್ಕ, ಹಾಗಾಗಿ ಜಾಸ್ತಿ ಓಡಿಸುವುದು ಎನಿಸ್‌ನ ಟೆಕ್ಸಸ್ ಮೋಟಾರ್‌ಪ್ಲೆಕ್ಸ್‌ನಲ್ಲಿ. 1986ರಲ್ಲಿ ಬಿಲ್ಲಿ ಮೇಯರ್ ಕಟ್ಟಿಸಿದ ಟ್ರ್ಯಾಕ್ ಅದು, ಕಾಲು ಮೈಲಿಯೂ ಪೂರ್ತಿ ಕಾಂಕ್ರೀಟ್. ಹಿಡಿತ ಹೇಗಿರುತ್ತದೆ ಅಂತ ಡಾಂಬರಿನ ಮೇಲೆ ಮಾತ್ರ ಓಡಿಸಿದವರಿಗೆ ಹೇಳಿದರೆ ಅರ್ಥವಾಗುವುದಿಲ್ಲ, ಅದು ಬೇರೆ ಕಥೆ.

ಕಾರು ಹನ್ನೊಂದು ಸೆಕೆಂಡಿನ ಆಸುಪಾಸಿನಲ್ಲಿದ್ದಾಗ ಬಲೆಯ ಗೊಡವೆಯೇ ಇರಲಿಲ್ಲ. ಇಂಜಿನ್ ಕೆಲಸ ಮುಗಿದ ಮೇಲೆ ಒಂಬತ್ತರ ಕಡೆಗೆ ಇಳಿಯಿತು. ಎನ್‌ಎಚ್‌ಆರ್‌ಎ (ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ) ನಿಯಮದಲ್ಲಿ ನನ್ನಂಥ ಹಳೇ ಕಾರು ಕಾಲು ಮೈಲಿಯನ್ನು 9.99 ಸೆಕೆಂಡಿಗೋ ಅದಕ್ಕೂ ಬೇಗವೋ ಮುಗಿಸಿದರೆ ರೋಲ್ ಬಾರ್ ಸಾಲದು, ಪೂರ್ತಿ ರೋಲ್ ಕೇಜ್, ಅಂದರೆ ಡ್ರೈವರ್ ಸುತ್ತ ಪೈಪುಗಳ ಪಂಜರ ಬೇಕು. ಮುಚ್ಚಿದ ಬಾಡಿಯ ಕಾರಿಗೆ ಕೇಜ್ ಬಂತು ಅಂದರೆ ಡ್ರೈವರ್ ಕಡೆಯ ಕಿಟಕಿಗೆ ಎಸ್‌ಎಫ್‌ಐ 27.1 ಲೇಬಲ್ (ರೇಸ್ ಸಾಮಾನಿನ ಸುರಕ್ಷತಾ ಮಾನದಂಡದ ಗುರುತು) ಇರುವ ಬಲೆಯೂ ಬಂತು. ಚಾಸಿ ಸರ್ಟಿಫಿಕೇಷನ್, ಕಾಂಪಿಟಿಷನ್ ಲೈಸೆನ್ಸ್ ಎಲ್ಲ ಸಾಲಾಗಿ ಬೆನ್ನು ಹತ್ತುತ್ತವೆ. ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದು ಬಲೆ. ಅದಕ್ಕೇ ಯಾರೂ ಅದರ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಕಾರು ನೋಡಲು ಬಂದವರು ಕೇಳುವ ಮೊದಲ ಪ್ರಶ್ನೆ: ಗಾಜು ಹೇಗೂ ಮೇಲೇ ಇರುತ್ತಲ್ಲ, ಬಲೆ ಯಾಕೆ? ಪಕ್ಕದ ಕಿಟಕಿಯ ಗಾಜು ಒಂದೇ ಪೆಟ್ಟಿಗೆ ಪುಡಿಪುಡಿ. ಕಾರು ಗೋಡೆಗೆ ಬಡಿದು ಮಗುಚುವಾಗ ಬೆಲ್ಟ್ ನಿಮ್ಮ ಎದೆ, ಸೊಂಟವನ್ನು ಹಿಡಿದಿರುತ್ತದೆ. ಕೈಯನ್ನು ಯಾವುದೂ ಹಿಡಿದಿರುವುದಿಲ್ಲ. ಎಷ್ಟೇ ಗಟ್ಟಿ ಮನುಷ್ಯನಾದರೂ ಆ ಹೊತ್ತಲ್ಲಿ ಕೈ ಅವನ ಮಾತು ಕೇಳುವುದಿಲ್ಲ, ಬೀಸಿ ಕಿಟಕಿಯಿಂದ ಹೊರಗೆ ಹೋಗುತ್ತದೆ. ಅಮೆರಿಕದ ಸ್ಟಾಕ್ ಕಾರ್ ರೇಸ್ ಆದ ನಾಸ್ಕಾರ್‌ನಲ್ಲಿ ಬಲೆ ಬಂದದ್ದೇ ಹಾಗೆ. 1970ರ ಮೇನಲ್ಲಿ ಡಾರ್ಲಿಂಗ್‌ಟನ್‌ನಲ್ಲಿ ರೇಸರ್ ರಿಚರ್ಡ್ ಪೆಟ್ಟಿಯ ಕಾರು ಗೋಡೆಗೆ ಬಡಿದು ಉರುಳಿತು. ಉರುಳುವಾಗ ಅವರ ತಲೆ, ತೋಳು ಕಿಟಕಿಯಿಂದ ಹೊರಗೆ ನೇತಾಡಿದ್ದು ಫಿಲ್ಮಿನಲ್ಲಿದೆ. ಭುಜಕ್ಕೆ ಪೆಟ್ಟಾಗಿ ಬದುಕಿಕೊಂಡರು. ಆಮೇಲೆ ಬಲೆ ಕಡ್ಡಾಯವಾಯಿತು. ಮೇಲೆ ಮುಚ್ಚಿಗೆ ಇಲ್ಲದ ಡ್ರ್ಯಾಗ್‌ಸ್ಟರ್‌ಗಳಿಗೆ ಬಲೆ ಕಟ್ಟಲು ಜಾಗವೇ ಇಲ್ಲ. ಅವರು ತೋಳಿಗೇ ಪಟ್ಟಿ ಕಟ್ಟಿಕೊಂಡು ಬೆಲ್ಟಿಗೆ ಸಿಕ್ಕಿಸುತ್ತಾರೆ.

ಬಲೆಯಲ್ಲಿ ಎರಡು ಜಾತಿ. ಒಂದು ಸಣ್ಣ ಕಣ್ಣಿನ ಮೆಶ್. ಇನ್ನೊಂದು ರಿಬ್ಬನ್: ಸುಮಾರು ಇಂಚು ಅಗಲದ ಪಟ್ಟಿಗಳನ್ನು ಅಡ್ಡ ಉದ್ದ ಹಾಕಿ, ಕೂಡಿದ ಕಡೆಯಲ್ಲೆಲ್ಲ ಹೊಲಿದದ್ದು. ನಮ್ಮೂರಿನ ನವಾರು ಮಂಚ ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ನಾನು ತೆಗೆದುಕೊಂಡದ್ದು ರಿಬ್ಬನ್, 18 ಇಂಚು ಎತ್ತರ, 24 ಇಂಚು ಅಗಲ. ಫಾಕ್ಸ್ ಬಾಡಿ ಕಿಟಕಿಗೆ ಸರಿಹೋಗುತ್ತದೆ. ಆದರೆ ಅಳತೆಯನ್ನು ಕಿಟಕಿಯಿಂದ ತೆಗೆಯಬೇಡಿ. ಬಲೆ ಕೂರುವುದು ಕೇಜಿನ ಪೈಪುಗಳಿಗೆ, ಬಾಗಿಲಿಗಲ್ಲ. ಕೇಜಿನ ಒಳಮೈಯಲ್ಲಿ ಅಳೆಯಿರಿ. ಬಲೆ ದೊಡ್ಡದಾಯ್ತು ಅಂತ ಕತ್ತರಿಸಿ ಮನೆಯಲ್ಲಿ ಹೊಲಿಯುವಂತೆಯೂ ಇಲ್ಲ. ಬದಲಾವಣೆ ಏನಿದ್ದರೂ ತಯಾರಿಸಿದವರೇ ಮಾಡಿಕೊಡಬೇಕು ಅನ್ನುತ್ತದೆ ನಿಯಮ.

ಹೊಲಿಗೆಯ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ಮೊದಲ ಬಲೆ ಬಿಚ್ಚಿದಾಗ ಭೂತಗನ್ನಡಿ ಹಿಡಿದು ಪ್ರತಿ ಗಂಟನ್ನೂ ನೋಡಿದೆ. ಪಟ್ಟಿಗಳು ಕೂಡುವ ಚೌಕದಲ್ಲಿ ದಾರ ಎಲ್ಲೂ ಎದ್ದಿರಲಿಲ್ಲ. ಕೆಳಗಿನ ಸರಳು ಉಜ್ಜುವ ಜಾಗದಲ್ಲಿ ಮಾತ್ರ ಪಟ್ಟಿಯ ಮೇಲೆ ನವಿರು ಜುಂಗು ಎದ್ದಿತ್ತು. ಅದೂ ಸರಳಿನ ಒರಟು ಅಂಚಿನಿಂದ. ಹೊಸ ಬಲೆ ಹಾಕುವ ಮುಂಚೆ ಸರಳಿಗೆ ಸಣ್ಣ ಎಮರಿ ಪೇಪರ್ ತಿಕ್ಕಿದೆ. ಐದು ನಿಮಿಷದ ಕೆಲಸ, ಕಿಟ್ ಮಾಡುವವರೇ ಮಾಡಬಹುದಿತ್ತು.

ಇನ್ನು ಫಿಟ್ಟಿಂಗ್. ಕೇಜ್ ಕಟ್ಟಿದ ಶಾಪಿನವರಿಗೇ ಬಲೆಯ ಕೆಲಸವನ್ನೂ ಕೊಟ್ಟಿದ್ದೆ. ವೆಲ್ಡಿಂಗ್ ಬಹಳ ಚೆನ್ನಾಗಿ ಮಾಡುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಕೆಳಗಿನ ಸರಳನ್ನು ಕೇಜಿನ ಡೋರ್ ಬಾರ್‌ನ ಪಕ್ಕ ಕಾಯಂ ಆಗಿ ಕೂರಿಸಿದರು. ಅದು ಸರಿ, ನಿಯಮವೂ ಹಾಗೇ ಇದೆ: ಕೆಳಭಾಗ ಖಾಯಂ, ಬಿಚ್ಚುವುದು ಮೇಲಿನದು. ಆದರೆ ಮೇಲಿನ ಸರಳಿನ ಬಿಡುಗಡೆ ಕೊಂಡಿಯನ್ನು ಹಿಂದಿನ ಮೂಲೆಯಲ್ಲಿ, ಸೀಟಿನ ಹಿಂದಿನ ದೊಡ್ಡ ಕಮಾನಾದ ಮೇನ್ ಹೂಪ್‌ಗೆ ವೆಲ್ಡ್ ಮಾಡಿಬಿಟ್ಟರು. ಅವರು ಕೆಲಸ ಮಾಡಿದ್ದು ಖಾಲಿ ಕಾರಿನಲ್ಲಿ. ಹೊರಗೆ ನಿಂತು ಕೈ ಹಾಕಿದರೆ ಕೊಂಡಿ ಸಲೀಸಾಗಿ ಬಿಚ್ಚಿಕೊಳ್ಳುತ್ತಿತ್ತು.

ಟೆಕ್‌ನಲ್ಲಿದ್ದ ಹಿರಿಯರು ಬಲೆಯ ಲೇಬಲ್ ನೋಡಿದರು, ತಲೆಯಾಡಿಸಿದರು. ಆಮೇಲೆ "ಪೂರ್ತಿ ಡ್ರೆಸ್ ಹಾಕಿಕೊಂಡು ಒಳಗೆ ಕೂತು ಬಿಚ್ಚಿ ತೋರಿಸಿ" ಅಂದರು. ಜಾಕೆಟ್, ಹೆಲ್ಮೆಟ್, ಕುತ್ತಿಗೆಯ ರಿಸ್ಟ್ರೇಂಟ್, ಗ್ಲೌಸ್, ಬಿಗಿದ ಹಾರ್ನೆಸ್ (ರೇಸ್ ಬೆಲ್ಟ್). ಆ ವೇಷದಲ್ಲಿ ಎಡಗೈಯನ್ನು ಭುಜದ ಹಿಂದಕ್ಕೆ ಒಯ್ಯಲು ಯಾರಿಗೂ ಆಗುವುದಿಲ್ಲ. ಬೆರಳು ಕೊಂಡಿಗೆ ನಾಲ್ಕಿಂಚು ದೂರದಲ್ಲೇ ನಿಂತಿತು. ಅವರು ಏನೂ ಹೇಳಲಿಲ್ಲ, ಸುಮ್ನೆ ಮುಂದಿನ ಮೂಲೆಯತ್ತ ಬೆರಳು ತೋರಿಸಿದರು. ಶಾಪಿನವರು ಟ್ಯಾಬ್ ಕತ್ತರಿಸಿ ಮುಂದಕ್ಕೆ ಹಾಕಿಕೊಟ್ಟರು, ಆದರೆ ಆ ಕೂಲಿಯನ್ನೂ ನನ್ನಿಂದಲೇ ತೆಗೆದುಕೊಂಡರು. ಅದೊಂದು ಹೊಟ್ಟೆಯುರಿ ಇನ್ನೂ ಇದೆ.

ಆದ್ದರಿಂದ ಯಾರೇ ಫಿಟ್ ಮಾಡಲಿ, ವೆಲ್ಡಿಂಗ್‌ಗೆ ಮುಂಚೆ ನೀವು ಪೂರ್ತಿ ಸಜ್ಜಾಗಿ ಸೀಟಿನಲ್ಲಿ ಕೂತಿರಬೇಕು. ಬೆಲ್ಟ್ ರೇಸಿಗೆ ಬಿಗಿಯುವಷ್ಟೇ ಬಿಗಿದಿರಬೇಕು. ಎಡಗೈ ಸ್ಟೀರಿಂಗ್ ಬಿಟ್ಟು ನೇರವಾಗಿ ಎಲ್ಲಿಗೆ ಹೋಗುತ್ತದೋ ಅಲ್ಲಿ ಮಾರ್ಕರ್‌ನಲ್ಲಿ ಗುರುತು. ಕೊಂಡಿ ಅಲ್ಲಿಗೇ ಬರಬೇಕು. ನನ್ನ ಕಾರಿನಲ್ಲಿ ಅದು ಎ-ಪಿಲ್ಲರ್ (ಮುಂದಿನ ಗಾಜಿನ ಪಕ್ಕದ ಕಂಬ) ಪಕ್ಕದ ಪೈಪಿನ ಮೇಲೆ, ಕಣ್ಣಿನ ಎತ್ತರಕ್ಕಿಂತ ತುಸು ಮೇಲೆ. ಲೈಸೆನ್ಸ್ ಕೊಡುವ ಮುಂಚೆ ಕಣ್ಣಿಗೆ ಬಟ್ಟೆ ಕಟ್ಟಿ, ಕಾರಿನ ಒಳಗಿನ ಸ್ವಿಚ್ಚು, ಲಿವರ್ ಎಲ್ಲವನ್ನೂ ಕೈಯಿಂದ ಮುಟ್ಟಿ ತೋರಿಸಲು ಹೇಳುತ್ತಾರಲ್ಲ, ಅದು ಸುಮ್ಮನೆ ನಾಟಕ ಅಲ್ಲ. ಹೊಗೆ ತುಂಬಿದ ಕಾರಿನಲ್ಲಿ ಕಣ್ಣು ಇದ್ದೂ ಇಲ್ಲದ ಹಾಗೆ.

ಈಗ ಎರಡು ಸ್ಟಾರ್ ಕೊಟ್ಟ ಕೊಂಡಿಯ ವಿಚಾರ. ಕಿಟ್‌ನಲ್ಲಿ ಬಂದದ್ದು ಸ್ಪ್ರಿಂಗ್ ಇರುವ ಸರಳು. ಮೇಲಿನ ಸರಳಿನ ಒಂದು ತುದಿ ಸ್ಪ್ರಿಂಗ್ ಇರುವ ಬಟ್ಟಲಿನೊಳಗೆ, ಇನ್ನೊಂದು ತುದಿ ಸಾದಾ ಬಟ್ಟಲಿನೊಳಗೆ. ಸರಳನ್ನು ಸ್ಪ್ರಿಂಗಿನ ಕಡೆಗೆ ದೂಡಿದರೆ ಈ ಕಡೆಯ ತುದಿ ಜಾರಿ ಹೊರಬಂದು ಬಲೆ ಕೆಳಗೆ ಬೀಳುತ್ತದೆ. ಹೊಸದರಲ್ಲಿ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬರುತ್ತಿತ್ತು. ಆದರೆ ಪ್ರತಿ ಓಟಕ್ಕೆ ಮುಂಚೆ ಬರ್ನೌಟ್ ಇರುತ್ತದೆ, ಅಂದರೆ ಟೈರ್ ಬಿಸಿಯಾಗಲು ಅದನ್ನು ನಿಂತಲ್ಲೇ ಜೋರಾಗಿ ತಿರುಗಿಸುವುದು. ಸುಟ್ಟ ಟೈರಿನ ನುಣ್ಣನೆ ಕರಿ ಪುಡಿ ಎಲ್ಲಿ ಸಂದಿ ಇದೆಯೋ ಅಲ್ಲಿ ಸೇರುತ್ತದೆ. ಬಟ್ಟಲಿಗೂ ಸೇರಿತು. ಒಂದು ಸೀಸನ್ ಕಳೆಯುವಷ್ಟರಲ್ಲಿ ಸರಳು ದೂಡಲು ಅಂಗೈಯೇ ಬೇಕಾಯಿತು, ಬೆರಳು ಸಾಲದು. ಎಣ್ಣೆ ಹಾಕಿದರೆ ಇನ್ನೂ ಕೆಟ್ಟದ್ದು: ಪುಡಿ ಎಣ್ಣೆಗೆ ಅಂಟಿ ಮಸಿಯ ಮುದ್ದೆ.

ಬಲೆಯನ್ನು ಬಿಗಿದಷ್ಟೂ ಈ ಸ್ಪ್ರಿಂಗ್ ಗಡುಸಾಗುತ್ತದೆ, ಅದು ಇನ್ನೊಂದು ತೊಂದರೆ. ಬಲೆ ಸಡಿಲ ಇದ್ದರೆ ಕೈ ಹೊರಗೆ ಹೋಗುತ್ತದೆ, ಬಿಗಿ ಇದ್ದರೆ ಕೊಂಡಿ ಬಿಚ್ಚುವುದಿಲ್ಲ. ಕೆಲವರು ಸುಲಭವಾಗಿ ಬಿಚ್ಚಲಿ ಅಂತ ಬಲೆಯನ್ನು ಜೋಲು ಬಿಟ್ಟಿರುವುದನ್ನು ಸರದಿಗೆ ಕಾಯುವ ಸ್ಟೇಜಿಂಗ್ ಲೇನ್‌ನಲ್ಲಿ ನೋಡಿದ್ದೇನೆ. ಟೆಕ್ ಪಾಸಾಗಿರಬಹುದು, ಆದರೆ ಅದು ಬಲೆಯಲ್ಲ, ಪರದೆ.

ಎರಡನೇ ಬಲೆಯ ಹೊತ್ತಿಗೆ ಲಿವರ್ ಇರುವ ಲ್ಯಾಚ್ ಹಾಕಿಸಿದೆ. ಲಿವರ್‌ಗೆ ಕೆಂಪು ಪಟ್ಟಿಯೊಂದು ಇದೆ, ಎಳೆದರೆ ಬಲೆ ಬಿತ್ತು. ಬಿಗಿ ಎಷ್ಟೇ ಇರಲಿ, ಎಳೆಯುವ ಬಲ ಹೆಚ್ಚು ಕಡಿಮೆ ಅಷ್ಟೇ. ಸೀಟ್ ಬೆಲ್ಟಿನ ಹಾಗೆ ಗುಂಡಿ ಒತ್ತುವ ಲ್ಯಾಚ್ ಕೂಡ ಸಿಗುತ್ತದೆ. ಗೆಳೆಯನ ಕಾರಿನಲ್ಲಿ ನೋಡಿದೆ. ದಪ್ಪ ಗ್ಲೌಸಿನ ಹೆಬ್ಬೆರಳಿಗೆ ಗುಂಡಿ ಎಲ್ಲಿದೆ ಅಂತ ತಿಳಿಯುವುದಿಲ್ಲ, ನನಗೆ ಹಿಡಿಸಲಿಲ್ಲ. ಲಿವರ್ ಕಿಟ್‌ಗೆ ಬಲೆಗಿಂತ ಜಾಸ್ತಿ ದುಡ್ಡಾಯಿತು. ಆದರೂ ಖರ್ಚು ಮಾಡುವುದಿದ್ದರೆ ಇದಕ್ಕೆ ಮಾಡಿ. ಬಲೆ ಎರಡು ವರ್ಷಕ್ಕೆ ಹೋಗುತ್ತದೆ, ಲ್ಯಾಚ್ ಕಾರಿನಲ್ಲೇ ಉಳಿಯುತ್ತದೆ.

ದಿನಬಳಕೆ ಹೇಗೆ? ಕೊಂಡಿ ಹಾಕುವುದು ನನ್ನ ಹೆಂಡತಿ. ಸ್ಟೇಜಿಂಗ್ ಲೇನ್‌ನಲ್ಲಿ ಮುಂದಿನ ಜೋಡಿ ಹೊರಟ ಕೂಡಲೇ "ರೀ, ಮೊಣಕೈ ಒಳಗಿಡಿ" ಅನ್ನುತ್ತಾಳೆ, ಬಾಗಿಲಿಂದ ಕೈ ಹಾಕಿ ಲ್ಯಾಚ್ ಸಿಕ್ಕಿಸಿ, ಬಲೆಯನ್ನು ಎರಡು ಸಲ ಜಗ್ಗಿ ನೋಡಿ, ಬಾಗಿಲು ಹಾಕುತ್ತಾಳೆ. ಒಬ್ಬನೇ ಹೋದ ದಿನ ನಾನೇ ಹಾಕಿಕೊಳ್ಳಬೇಕು. ಸ್ಪ್ರಿಂಗ್ ಸರಳಿದ್ದಾಗ ಅದು ಬೆವರಿಳಿಸುವ ಕೆಲಸ. ಟೆಕ್ಸಸ್ ಬೇಸಿಗೆಯಲ್ಲಿ ಸೂಟಿನೊಳಗೆ ಕೂತು ಎರಡೂ ಕೈಯಲ್ಲಿ ಸರಳು ಹುಡುಕುವುದನ್ನು ಶತ್ರುವಿಗೂ ಬೇಡುವುದಿಲ್ಲ. ಲಿವರ್ ಬಂದ ಮೇಲೆ ಆ ಕಷ್ಟ ಇಲ್ಲ. ಓಟ ಮುಗಿಸಿ ವಾಪಸ್ ಬರುವ ದಾರಿಯಲ್ಲಿ ಟೈಮ್ ಸ್ಲಿಪ್ (ಓಟದ ಸಮಯದ ಚೀಟಿ) ತೆಗೆದುಕೊಳ್ಳಬೇಕು. ಗಾಜು ಇಳಿಸಿ, ಪಟ್ಟಿ ಎಳೆದು, ಕೈ ಚಾಚುತ್ತೇನೆ. ಅಂದರೆ ಪ್ರತಿ ಓಟಕ್ಕೂ ಒಮ್ಮೆ ಬಿಚ್ಚುವ ಅಭ್ಯಾಸ ತಾನಾಗೇ ಆಗುತ್ತದೆ.

ನೋಟದ ವಿಷಯಕ್ಕೆ ಬಂದರೆ ಒಂದು ಸ್ಟಾರ್ ಕಳೆದದ್ದು ಇಲ್ಲಿ. ಎದುರಿಗಿರುವ ಟ್ರೀ (ಓಟ ಶುರು ಮಾಡುವ ದೀಪಗಳ ಕಂಬ) ನೋಡಲು ಬಲೆ ಅಡ್ಡಿಯಲ್ಲ. ಆದರೆ ನಾನು ಓಡುವುದು ಬ್ರ್ಯಾಕೆಟ್ ರೇಸ್. ಕಾರು ಎಷ್ಟು ಸಮಯ ತೆಗೆದುಕೊಳ್ಳುತ್ತದೆ ಅಂತ ಮೊದಲೇ ಡಯಲ್-ಇನ್ ಬರೆದು, ಅದಕ್ಕಿಂತ ಬೇಗ ಓಡದೆ ಗೆಲ್ಲಬೇಕು. ನಿಧಾನದ ಕಾರನ್ನು ಮೊದಲು ಬಿಡುತ್ತಾರೆ. ನನ್ನದು ವೇಗದ ಕಾರಾದ್ದರಿಂದ ಹೆಚ್ಚಿನ ಸಲ ನಾನೇ ಅಟ್ಟಿಸಿಕೊಂಡು ಹೋಗುವವನು, ಎದುರಾಳಿ ಕಣ್ಣೆದುರಿಗೇ ಇರುತ್ತಾನೆ. ನನಗಿಂತ ವೇಗದವನು ಸಿಕ್ಕಿ, ನಾನು ಬಲಗಡೆ ಲೇನ್‌ನಲ್ಲಿದ್ದರೆ ಕಷ್ಟ. ಅವನು ಎಡಗಡೆ ಹಿಂದಿನಿಂದ ಬರುತ್ತಿರುತ್ತಾನೆ, ಎಷ್ಟು ಹತ್ತಿರ ಬಂದ ಅಂತ ನೋಡಿ ಗೆರೆಯ ಬಳಿ ಕಾಲು ಎತ್ತಬೇಕೋ ಬೇಡವೋ ತೀರ್ಮಾನಿಸಬೇಕು. ಕುತ್ತಿಗೆ ತಿರುಗುವುದೇ ಸ್ವಲ್ಪ, ಅದರ ಮೇಲೆ ಇಂಚು ಅಗಲದ ಕಪ್ಪು ಪಟ್ಟಿಗಳು. ಕಾರಿನ ಮುಂಭಾಗ ಒಂದು ಚೌಕದಲ್ಲಿ ಕಂಡು ಮುಂದಿನದರಲ್ಲಿ ಮಾಯ. ಹಾಗಾಗಿ ಆಯ್ಕೆ ಸಿಕ್ಕಾಗ ಎಡ ಲೇನ್ ಕೇಳುತ್ತೇನೆ. ಮೆಶ್ ಬಲೆಯಲ್ಲಿ ನೋಟ ಒಂದೇ ಸಮನೆ ಮಂಕಾಗಿರುತ್ತದೆ, ಕತ್ತರಿಸಿ ಕತ್ತರಿಸಿ ಕಾಣುವುದಿಲ್ಲ. ಕೆಲವರಿಗೆ ಅದೇ ವಾಸಿ. ರಾತ್ರಿ ರೇಸಿನಲ್ಲಿ ಎರಡೂ ಒಂದೇ.

ಜೋಲುವಿಕೆ: ಮೊದಲ ಬಲೆ ನೈಲಾನ್. ಮಳೆ ಬಂದು ಹೋದ ವಾರಾಂತ್ಯಗಳಲ್ಲಿ ಸಡಿಲಾಗುತ್ತಿತ್ತು, ನೈಲಾನ್ ತೇವ ಹೀರುತ್ತದೆ. ಬಕಲ್‌ನಲ್ಲಿ ಪಟ್ಟಿ ಎಳೆದು ಸರಿ ಮಾಡಬಹುದು, ಆದರೆ ನೆನಪಿಟ್ಟು ಮಾಡಬೇಕು. ಈಗಿನದು ಪಾಲಿಯೆಸ್ಟರ್, ಆ ಕಾಟ ತುಂಬ ಕಡಿಮೆ. ನನ್ನ ಪರೀಕ್ಷೆ ಸುಲಭ: ಒಳಗಿನಿಂದ ಬಲೆಯ ನಡುವೆ ಅಂಗೈ ಇಟ್ಟು ಜೋರಾಗಿ ಒತ್ತುತ್ತೇನೆ. ಗಾಜಿಗೆ ತಾಗಿದರೆ ಬಿಗಿಯಬೇಕು. ಬಿಸಿಲು ಎರಡಕ್ಕೂ ವೈರಿ, ಪಟ್ಟಿಯ ಬಣ್ಣ ಹೋಗಲು ಶುರುವಾಯಿತು ಅಂದರೆ ಬಲವೂ ಹೋಗುತ್ತಿದೆ ಅಂತ. ಕಾರು ಟ್ರೇಲರ್ ಒಳಗೇ ಇಡುವವರಿಗೆ ಚಿಂತೆಯಿಲ್ಲ, ಪಿಟ್‌ನಲ್ಲಿ ದಿನವಿಡೀ ನಿಲ್ಲಿಸುವವರು ಕಿಟಕಿಗೆ ಒಂದು ಬಟ್ಟೆ ಹಾಕಿ. ತೊಳೆಯಲು ಸೋಪು ನೀರು ಸಾಕು. ಬ್ರೇಕ್ ಕ್ಲೀನರ್ ಹತ್ತಿರವೂ ತರಬೇಡಿ.

ಎಸ್‌ಎಫ್‌ಐ ಲೇಬಲ್ ಎರಡು ವರ್ಷಕ್ಕೆ ಮಾತ್ರ ನಡೆಯುತ್ತದೆ, ಲೆಕ್ಕ ಶುರುವಾಗುವುದು ತಯಾರಾದ ತಿಂಗಳಿಂದ, ನೀವು ಕೊಂಡ ದಿನದಿಂದಲ್ಲ. ಲೇಬಲ್ಲಿನ ಮೇಲೆ ತಿಂಗಳು, ವರ್ಷಕ್ಕೆ ತೂತು ಹೊಡೆದಿರುತ್ತಾರೆ. ಬಲೆ ಹೊಸದರಂತೆ ಹೊಳೆಯುತ್ತಿದ್ದರೂ ಅವಧಿ ದಾಟಿದ್ದರೆ ಟೆಕ್‌ನಲ್ಲಿ ನಡೆಯದು. ಹಾರ್ನೆಸ್ಸಿಗೂ ಎರಡೇ ವರ್ಷ. ಹಾಗಾಗಿ ನಾನು ಎರಡನ್ನೂ ಒಟ್ಟಿಗೇ ಕೊಳ್ಳುತ್ತೇನೆ, ಒಂದೇ ತಾರೀಕು ನೆನಪಿಟ್ಟರೆ ಸಾಕು. ಸೀಸನ್ ಕೊನೆಗೆ ರಿಯಾಯಿತಿ ಅಂತ ಮಾರುವ ಬಲೆಗಳ ಬಗ್ಗೆ ಹುಷಾರು. ಅಂಗಡಿಯ ಶೆಲ್ಫಿನಲ್ಲಿ ಆರು ತಿಂಗಳು ಕೂತಿದ್ದರೆ ನಿಮಗೆ ಸಿಗುವುದು ಒಂದೂವರೆ ವರ್ಷ. ನಾನು ಫೋನ್ ಮಾಡಿ ಲೇಬಲ್ಲಿನ ತಿಂಗಳು ಕೇಳಿಯೇ ಆರ್ಡರ್ ಮಾಡುವುದು. ಒಂದು ಅಂಗಡಿಯವರು ಹೇಳಲು ಒಪ್ಪಲಿಲ್ಲ, ಅವರನ್ನು ಬಿಟ್ಟು ಪಕ್ಕದವರ ಹತ್ತಿರ ಹತ್ತು ಡಾಲರ್ ಜಾಸ್ತಿ ಕೊಟ್ಟು ತೆಗೆದುಕೊಂಡೆ.