ಬೋಟ್ ಬಿಡುವ ಮುಂಚೆ ನಾನು ನೋಡುವುದು: ಇನ್‌ಕಾಯ್ಸ್ ಕಡಲ ಮುನ್ಸೂಚನೆ, ಹಲವು ಸೀಸನ್ ಬಳಸಿದ ಮೇಲೆ

ನಮ್ಮದು ಉಡುಪಿ ಜಿಲ್ಲೆಯ ಗಂಗೊಳ್ಳಿ ಕಡೆಯ ಟ್ರಾಲ್‌ಬೋಟ್. ಡೀಸೆಲ್, ಐಸ್, ರೇಷನ್ ಹಾಕಿಸಿ ಬೋಟ್ ಬಿಡಬೇಕೋ ಬೇಡವೋ ಅಂತ ಬೋಟ್ ನಡೆಸುವ ತಾಂಡೇಲರ ಜೊತೆ ಕೂತು ತೀರ್ಮಾನ ಮಾಡುವ ಕೆಲಸ ನನ್ನದು. ಅದಕ್ಕೆ ಹೈದರಾಬಾದ್‌ನ ಇನ್‌ಕಾಯ್ಸ್ ಸಂಸ್ಥೆಯ ಕಡಲ ಮುನ್ಸೂಚನೆಯನ್ನು ಹಲವು ಸೀಸನ್‌ಗಳಿಂದ ಬಳಸುತ್ತಿದ್ದೇನೆ. ಭೂವಿಜ್ಞಾನ ಸಚಿವಾಲಯದ ಕೆಳಗೆ ಬರುವ ಸಂಸ್ಥೆ, ಒಂದು ಪೈಸೆ ಕೊಡಬೇಕಾಗಿಲ್ಲ. ಈ ಕೆಲಸಕ್ಕೆ ಇದಕ್ಕಿಂತ ಉಪಯೋಗದ ಸೇವೆ ನನಗೆ ಸಿಕ್ಕಿಲ್ಲ. ಆದರೆ ಓದುವ ರೀತಿ ಗೊತ್ತಿರಬೇಕು. ಬೋಟ್ ನಿಲ್ಲುವ ಧಕ್ಕೆಯಲ್ಲಿ ನಾನು ಕಂಡಂತೆ ಹೆಚ್ಚಿನವರು ತೆರೆಯ ಎತ್ತರ ಒಂದನ್ನೇ ನೋಡಿ ಫೋನ್ ಜೇಬಿಗೆ ಹಾಕುತ್ತಾರೆ. ಅಷ್ಟು ಸಾಲದು.

ಮೊದಲು ಎತ್ತರದ ವಿಷಯ. ಮುನ್ಸೂಚನೆಯಲ್ಲಿ 2 ಮೀಟರ್ ಅಂತ ಇದ್ದರೆ ಎಲ್ಲ ತೆರೆಯೂ 2 ಮೀಟರ್ ಅಂತ ಅರ್ಥ ಅಲ್ಲ. ಬರುವ ತೆರೆಗಳಲ್ಲಿ ದೊಡ್ಡದಾದ ಮೂರನೇ ಒಂದು ಪಾಲನ್ನು ತೆಗೆದುಕೊಂಡು ಅವುಗಳ ಸರಾಸರಿ ಹೇಳುತ್ತಾರೆ. ನಡುನಡುವೆ ಒಂದೊಂದು ತೆರೆ ಅದರ ಹತ್ತಿರ ಹತ್ತಿರ ಎರಡರಷ್ಟು ಏಳಬಹುದು. 2 ಅಂತ ಓದಿದಾಗ 4 ಮೀಟರಿನ ತೆರೆಗೂ ತಯಾರಿರಬೇಕು.

ಅದಕ್ಕಿಂತ ಮುಖ್ಯವಾದದ್ದು ಪಿರಿಯಡ್. ಒಂದು ತೆರೆಗೂ ಮುಂದಿನದಕ್ಕೂ ನಡುವೆ ಎಷ್ಟು ಸೆಕೆಂಡ್ ಅನ್ನುವುದು. ಅಲ್ಲೇ ಬೀಸುವ ಗಾಳಿಗೆ ಎದ್ದ ತೆರೆ 5-6 ಸೆಕೆಂಡಿಗೊಂದು ಬರುತ್ತದೆ. ಗಿಡ್ಡ, ಕಡಿದಾದ ತೆರೆ. ದೂರದಿಂದ ಬಂದ ಸ್ವೆಲ್ 14 ಸೆಕೆಂಡ್, ಕೆಲವೊಮ್ಮೆ 18 ಸೆಕೆಂಡ್ ತನಕ ಹೋಗುತ್ತದೆ. ಎರಡೂ 2 ಮೀಟರ್ ಅಂತಲೇ ತೋರಿಸಬಹುದು, ಆದರೆ ಅಪಾಯ ಬೇರೆ ಬೇರೆ. 6 ಸೆಕೆಂಡಿನ 2 ಮೀಟರ್ ತೆರೆ ಹೊರಗಡೆ ಬೋಟನ್ನು ಜಜ್ಜುತ್ತದೆ, ಬಲೆ ಎಳೆಯಲು ಬಿಡುವುದಿಲ್ಲ. 15 ಸೆಕೆಂಡಿನ 2 ಮೀಟರ್ ಸ್ವೆಲ್ ಆಳದ ನೀರಿನಲ್ಲಿ ಗೊತ್ತೇ ಆಗುವುದಿಲ್ಲ, ಬೋಟ್ ಮೆಲ್ಲಗೆ ಏರಿ ಇಳಿಯುತ್ತದೆ. ಅದೇ ಸ್ವೆಲ್ ಹೊಳೆ ಕಡಲು ಸೇರುವ ಅಳಿವೆ ಬಾಯಿಗೆ ಬಂದಾಗ ಮರಳ ದಿಬ್ಬ ತಾಗಿ ಎದ್ದು ನಿಂತು ಒಡೆಯುತ್ತದೆ. ಇಳಿತದ ನೀರು ಹೊಳೆಯಿಂದ ಹೊರಗೆ ನುಗ್ಗುವ ಹೊತ್ತಾದರೆ ಇನ್ನೂ ಕೆಟ್ಟದ್ದು. ನಮ್ಮ ಕರಾವಳಿಯಲ್ಲಿ ದೋಣಿ ಮಗುಚುವುದು ನಡು ಕಡಲಲ್ಲಿ ಮಾತ್ರ ಅಲ್ಲ, ಮನೆ ಕಾಣುವಷ್ಟು ಹತ್ತಿರ, ಅಳಿವೆಯಲ್ಲೂ ಹೌದು. ಹಾಗಾಗಿ ಸ್ವೆಲ್ 14 ಸೆಕೆಂಡ್ ದಾಟಿದರೆ ನಾನು ಉಬ್ಬರ ಇಳಿತದ ಸಮಯ ನೋಡದೆ ಬೋಟ್ ಒಳಗೆ ಬನ್ನಿ ಅಂತ ಹೇಳುವುದಿಲ್ಲ.

ಈ ಉದ್ದದ ಸ್ವೆಲ್ ಬರುವುದು ಎಲ್ಲಿಂದ ಗೊತ್ತಾ? ಹಿಂದೂ ಮಹಾಸಾಗರದ ತೆಂಕಣ ಭಾಗದಿಂದ, 30 ಡಿಗ್ರಿ ದಕ್ಷಿಣಕ್ಕಿಂತಲೂ ಆಚೆ ಎದ್ದ ಬಿರುಗಾಳಿಯಿಂದ. 15 ಸೆಕೆಂಡಿನ ಸ್ವೆಲ್ ದಿನಕ್ಕೆ ಸುಮಾರು 1000 ಕಿಲೋಮೀಟರ್ ಸಾಗುತ್ತದೆ. ನಮ್ಮಲ್ಲಿಗೆ ಮುಟ್ಟಲು ಕೆಲವು ದಿನ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಎಲೆ ಅಲ್ಲಾಡುವಷ್ಟೂ ಗಾಳಿ ಇರುವುದಿಲ್ಲ, ಆಕಾಶ ಶುಭ್ರ, ಆದರೆ ಕಡಲು ದಡದ ಮೇಲೆ ಏರಿ ಬರುತ್ತದೆ. ಕೇರಳದವರು ಇದಕ್ಕೆ ಕಳ್ಳಕ್ಕಡಲ್ ಅನ್ನುತ್ತಾರೆ. ಗಾಳಿಯ ಮ್ಯಾಪ್ ಮಾತ್ರ ನೋಡುವವರಿಗೆ ಇದು ಸಿಗುವುದೇ ಇಲ್ಲ. ಇನ್‌ಕಾಯ್ಸ್ 2020ರ ಫೆಬ್ರವರಿಯಲ್ಲಿ ಇದಕ್ಕೆಂದೇ ಬೇರೆ ಎಚ್ಚರಿಕೆ ವ್ಯವಸ್ಥೆ ತಂದಿತು. ನನ್ನ ಲೆಕ್ಕದಲ್ಲಿ ಈ ಸೇವೆಯ ಅತ್ಯಂತ ಬೆಲೆಬಾಳುವ ಭಾಗ ಇದೇ.

ಅದೇ ಹೊತ್ತಿಗೆ ಬಂದ ಇನ್ನೊಂದು ಸೇವೆ ಚಿಕ್ಕ ಬೋಟ್‌ಗಳಿಗೆ. 7 ಮೀಟರ್ ತನಕ ಅಗಲ ಇರುವ ಬೋಟ್‌ಗಳಿಗೆ ಎಲ್ಲಿ ಮಗುಚುವ ಅಪಾಯ ಇದೆ ಅಂತ 10 ದಿನ ಮೊದಲೇ ಅಂದಾಜು ಕೊಡುತ್ತದೆ. ತೆರೆಯ ಎತ್ತರ ಮಾತ್ರ ಅಲ್ಲ, ಅದು ಎಷ್ಟು ಕಡಿದು, ಎಷ್ಟು ದಿಕ್ಕಿನಿಂದ ಬರುತ್ತಿದೆ, ಗಾಳಿ ಎಷ್ಟು ಬೇಗ ಏರುತ್ತಿದೆ ಅನ್ನುವುದನ್ನೆಲ್ಲ ಸೇರಿಸಿ ಲೆಕ್ಕ ಹಾಕುತ್ತಾರೆ. ಹೀಗೆ ಬೋಟಿನವರ ಕಣ್ಣಲ್ಲಿ ಕಡಲನ್ನು ನೋಡಿದ್ದು ನನಗೆ ತುಂಬಾ ಹಿಡಿಸಿತು.

ಮೀನು ಸಿಗುವ ಜಾಗದ ಸೂಚನೆಯನ್ನೂ ಇವರೇ ಕೊಡುತ್ತಾರೆ. ಅದು ಉಪಗ್ರಹ ನೋಡಿದ ನೀರಿನ ಬಿಸಿ ಮತ್ತು ಬಣ್ಣದ ಮೇಲೆ ನಿಂತಿದೆ, ಮೋಡ ಮುಚ್ಚಿದರೆ ಸಿಗುವುದಿಲ್ಲ. ಅದರ ಬಗ್ಗೆ ಬೇರೆಯೇ ಬರೆಯಬೇಕು.

ಜೊತೆಗೆ ಗಾಳಿಯ ಮ್ಯಾಪ್ ತೋರಿಸುವ ವಿಂಡಿ ಆ್ಯಪ್ ಕೂಡ ಇಟ್ಟುಕೊಂಡಿದ್ದೇನೆ. ಅದರಲ್ಲಿ ಯುರೋಪಿನ ಹವಾಮಾನ ಲೆಕ್ಕದ ಮಾದರಿ ಸುಮಾರು 9 ಕಿಲೋಮೀಟರ್ ಚೌಕದಲ್ಲಿ, ಅಮೆರಿಕದ ಜಿಎಫ್‌ಎಸ್ 22 ಕಿಲೋಮೀಟರ್ ಚೌಕದಲ್ಲಿ ತೋರಿಸುತ್ತದೆ. ಎರಡೂ ಒಂದೇ ಮಾತು ಹೇಳಿದರೆ ಧೈರ್ಯ. ಬೇರೆ ಬೇರೆ ಹೇಳಿದರೆ ಒಂದು ದಿನ ಕಾಯುವುದು ಒಳ್ಳೆಯದು. ಇಷ್ಟು ದೊಡ್ಡ ಚೌಕದಲ್ಲಿ ಕೆಲವೇ ಕಿಲೋಮೀಟರ್ ಅಗಲದ ಗುಡುಗು ಮೋಡ ಸರಿಯಾಗಿ ಕಾಣುವುದಿಲ್ಲ. ಮುಂಗಾರಿಗೆ ಮುಂಚೆ ಮತ್ತು ಅಕ್ಟೋಬರ್ ಸಂಜೆಗಳಲ್ಲಿ ಫಕ್ಕನೆ ಬೀಸುವ ಗಾಳಿಯನ್ನು ಇಂಥ ಯಾವ ಮ್ಯಾಪೂ ಜಾಗ ಹೊತ್ತು ಹಿಡಿದು ಹೇಳಲಾರದು. ಆಗ ಹವಾಮಾನ ಇಲಾಖೆಯ ಇನ್ಸಾಟ್ ಉಪಗ್ರಹ ಚಿತ್ರ ನೋಡಬೇಕು, ತಾಂಡೇಲರ ಕಣ್ಣನ್ನೂ ನಂಬಬೇಕು.

ಚಂಡಮಾರುತದ ವಿಷಯಕ್ಕೆ ಬಂದರೆ ಹವಾಮಾನ ಇಲಾಖೆಯ ಬುಲೆಟಿನ್ ಬಿಟ್ಟು ಬೇರೆ ಯಾವುದನ್ನೂ ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹತ್ತು ದಿನ ಆಚೆಯ ಕೆಂಪು ಸುಳಿ ಚಿತ್ರವನ್ನು ವಾಟ್ಸಾಪ್‌ನಲ್ಲಿ ಸುಮ್ನೆ ಹಂಚಬೇಡಿ, ಅದು ಮರುದಿನವೇ ಬದಲಾಗುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಲಕ್ಷದ್ವೀಪದ ಹತ್ತಿರ ಹುಟ್ಟಿ, ನಮ್ಮ ಕರಾವಳಿಯ ಪಕ್ಕದಲ್ಲೇ ಹಾದು, 17ರ ರಾತ್ರಿ ಗುಜರಾತಿಗೆ ಬಡಿಯಿತು. ಅದು ಹುಟ್ಟುವ ಮುಂಚೆಯೇ ಇಲಾಖೆಯ ಎಚ್ಚರಿಕೆ ಬಂದಿತ್ತು. 2017ರ ಒಖಿ ಸಮಯದಲ್ಲಿ ಹೀಗಿರಲಿಲ್ಲ. ಕೇರಳ, ತಮಿಳುನಾಡಿನ ಎಷ್ಟೋ ಮೀನುಗಾರರು ಆಗಲೇ ಆಳ ಕಡಲಿನಲ್ಲಿದ್ದರು, ಅವರಿಗೆ ಸುದ್ದಿ ಮುಟ್ಟಲೇ ಇಲ್ಲ. ತುಂಬಾ ಜೀವ ಹೋಯಿತು.

ಸುದ್ದಿ ಮುಟ್ಟಿಸುವುದು ಇವತ್ತಿಗೂ ಕಷ್ಟವೇ. ಬೋಟ್ ದಡದಿಂದ ಸ್ವಲ್ಪ ದೂರ ಹೋದ ಕೂಡಲೇ ಮೊಬೈಲ್ ಸಿಗ್ನಲ್ ಹೋಗುತ್ತದೆ. ಎಷ್ಟು ಒಳ್ಳೆಯ ಮುನ್ಸೂಚನೆ ಇದ್ದರೂ ಆ್ಯಪ್ ತೆರೆಯುವುದಿಲ್ಲ. ಇದಕ್ಕಾಗಿ 2019ರಲ್ಲಿ ಜೆಮಿನಿ ಅನ್ನುವ ಉಪಗ್ರಹ ಸಾಧನ ಬಂತು. ಅದು ಸಂದೇಶ ತಲುಪಿಸುತ್ತದೆ, ಆದರೆ ಬೋಟಿನಿಂದ ವಾಪಸ್ ಹೇಳಲು ಆಗುವುದಿಲ್ಲ. ನಮ್ಮ ಬೋಟಿಗೆ ಹೊಸ ಎಚ್ಚರಿಕೆ ಸಿಗುವುದು ಹೆಚ್ಚಾಗಿ ಹತ್ತಿರದ ಬೋಟಿನವರು ವೈರ್‌ಲೆಸ್‌ನಲ್ಲಿ ಕೂಗಿ ಹೇಳಿದಾಗ. ಎರಡೂ ಕಡೆ ಮಾತಾಡುವ ಉಪಗ್ರಹ ಸಾಧನ ಪ್ರತಿ ಬೋಟಿಗೂ ಬರಬೇಕು. ಸಂಜೆ ಒಂದು ನಿಮಿಷ ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ ತೆರೆಯ ಎತ್ತರ ಮತ್ತು ಪಿರಿಯಡ್ ಹೇಳುವ ಧ್ವನಿ ಸಂದೇಶವೂ ಬೇಕು. ಕೆಲಸದ ನಡುವೆ ಗ್ರಾಫ್ ನೋಡಲು ಯಾರಿಗೆ ಪುರುಸೊತ್ತು ಇರುತ್ತದೆ?

ಜೂನ್ 1ರಿಂದ ಜುಲೈ 31ರ ತನಕ 61 ದಿನ ನಮ್ಮ ಬೋಟ್‌ಗಳಿಗೆ ನಿಷೇಧ. ಆದರೆ 10 ಅಶ್ವಶಕ್ತಿಯ ತನಕ ಎಂಜಿನ್ ಇರುವ ನಾಡದೋಣಿಗಳು ಮಳೆಗಾಲದಲ್ಲೂ ಇಳಿಯುತ್ತವೆ. ಎಲ್ಲರಿಗಿಂತ ಜಾಸ್ತಿ ಈ ಸೇವೆ ಬೇಕಾಗಿರುವುದು ಅವರಿಗೆ. ನಾಡದೋಣಿಯವರು ಇನ್‌ಕಾಯ್ಸ್‌ನ ಕರ್ನಾಟಕ ಕರಾವಳಿಯ ಪುಟದಲ್ಲಿ ಸ್ವೆಲ್‌ನ ಎತ್ತರ, ಪಿರಿಯಡ್ ಎರಡನ್ನೂ ನೋಡಿ, ಆಮೇಲೆ ಅಳಿವೆಯ ಇಳಿತದ ಹೊತ್ತು ನೋಡಿ ಹೊರಡಿ. ಲಕ್ಷದ್ವೀಪದ ಕಡೆ ಹೋಗುವ ಬೋಟಿನವರು ಅಲ್ಲಿನ ಮುನ್ಸೂಚನೆಯನ್ನು ಬೇರೆಯಾಗಿ ತೆರೆದು ನೋಡಬೇಕು.