ಭುಜದ ಪಾಠಕ್ಕೆ ಮೂರು ಆಯಾಮದ ತಂತ್ರಾಂಶವೋ, ಪ್ರಶ್ನೆ ಕೇಳುವ ವಿಡಿಯೊವೋ?

ಕೀಲುಗಳ ಚಲನೆಯನ್ನು ಕಲಿಸಲೆಂದು ನಮ್ಮ ಫಿಸಿಯೋಥೆರಪಿ ವಿಭಾಗಕ್ಕೆ ತರಿಸಿದ ಎರಡು ಸಾಧನಗಳಲ್ಲಿ, ದುಬಾರಿಯಾದ ಮೂರು ಆಯಾಮದ ಅಂಗರಚನಾ ತಂತ್ರಾಂಶಕ್ಕಿಂತ, ನಡುನಡುವೆ ನಿಂತು ಪ್ರಶ್ನೆ ಕೇಳುವ ವಿಡಿಯೊ ಪಾಠವೇ ನನಗೆ ಹೆಚ್ಚು ಒದಗಿಬಂದಿದೆ.

ತಂತ್ರಾಂಶದ ಚಿತ್ರಗಳ ಬಗ್ಗೆ ಎರಡು ಮಾತಿಲ್ಲ. ಮೇಲಿನ ಪದರಗಳನ್ನು ಒಂದೊಂದಾಗಿ ಸರಿಸುತ್ತಾ ಭುಜದ ಕೀಲನ್ನು ಸುತ್ತುವರಿದು ಹಿಡಿದಿಡುವ ರೊಟೇಟರ್ ಕಫ್‌ನ ನಾಲ್ಕು ಸ್ನಾಯುಗಳು ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತವೆ ಎಂಬುದನ್ನು ತೋರಿಸಲು ಇದಕ್ಕಿಂತ ಒಳ್ಳೆಯದು ನನ್ನ ಬಳಿ ಇಲ್ಲ.

ತೊಡಕಿರುವುದು ಚಲನೆಯಲ್ಲಿ. ನಾವು ಕೊಂಡ ಆವೃತ್ತಿಯಲ್ಲಿ ತೋಳನ್ನು ಪಕ್ಕಕ್ಕೆ ಎತ್ತಿಸಿದರೆ ಮೇಲ್ತೋಳಿನ ಮೂಳೆಯೊಂದೇ ಬಾಗಿಲಿನಂತೆ ತಿರುಗಿ 180 ಡಿಗ್ರಿಗೆ ಹೋಗಿ ನಿಲ್ಲುತ್ತದೆ. ಸ್ಕ್ಯಾಪುಲಾ, ಅಂದರೆ ಬೆನ್ನ ಮೇಲಿನ ಹೆಗಲಿನ ಚಪ್ಪಟೆ ಮೂಳೆ, ಇದ್ದಲ್ಲಿಂದ ಕದಲುವುದೇ ಇಲ್ಲ. ನಿಜವಾದ ಭುಜದಲ್ಲಿ ಸುಮಾರು 120 ಡಿಗ್ರಿ ಮಾತ್ರ ಭುಜದ ಕೀಲಿನಿಂದ ಬರುತ್ತದೆ. ಉಳಿದ 60 ಡಿಗ್ರಿ ಬರುವುದು ಸ್ಕ್ಯಾಪುಲಾ ಎದೆಗೂಡಿನ ಮೇಲೆ ಮೇಲ್ಮುಖವಾಗಿ ತಿರುಗುವುದರಿಂದ. ಈ ಜೋಡಿ ಚಲನೆಯೇ ಪಾಠದ ತಿರುಳು.

ಇದು ಪರದೆಯ ಮೇಲಿನ ಸಣ್ಣ ಲೋಪವಾಗಿ ಉಳಿಯಲಿಲ್ಲ. ಪ್ರಾಯೋಗಿಕ ತರಗತಿಯಲ್ಲಿ ಜೊತೆಗಾರ ತೋಳೆತ್ತುವುದನ್ನು ಬೆನ್ನ ಕಡೆಯಿಂದ ಗಮನಿಸಿ ಎಂದರೆ, ವಿದ್ಯಾರ್ಥಿಗಳ ಕಣ್ಣು ಭುಜದ ತುದಿಯಲ್ಲೇ ನೆಟ್ಟಿರುತ್ತಿತ್ತು. ಸ್ಕ್ಯಾಪುಲಾದ ಕೆಳತುದಿಗೆ ಬೆರಳಿಟ್ಟು, ಅದು ಹೊರಕ್ಕೆ ಜರುಗುವುದನ್ನು ಮುಟ್ಟಿ ತಿಳಿಯಿರಿ ಎಂದು ಒಬ್ಬೊಬ್ಬರಿಗೂ ಹೇಳಬೇಕಾಯಿತು. ಸಮಯ ಉಳಿಸಲೆಂದು ತಂದದ್ದು ಸಮಯವನ್ನೇ ತಿಂದಿತು.

ವಿಡಿಯೊ ಪಾಠ ನೋಡಲು ಸಪ್ಪೆ. ಆದರೆ ಮೊಣಕಾಲಿನ ಬಾಗುವಿಕೆಯನ್ನು ಅಳೆಯುವ ಭಾಗಕ್ಕೆ ಬಂದಾಗ ಅದು ನಿಂತು, ಗೋನಿಯೋಮೀಟರಿನ (ಕೀಲಿನ ಕೋನ ಅಳೆಯುವ, ಎರಡು ತೋಳುಗಳಿರುವ ಮಾಪಕ) ಅಕ್ಷ ಎಲ್ಲಿರಬೇಕು ಎಂದು ಕೇಳುತ್ತದೆ. ತೊಡೆಮೂಳೆಯ ಕೆಳತುದಿಯ ಹೊರಬದಿಯ ಉಬ್ಬಾದ ಎಪಿಕಾಂಡೈಲ್ ಬಿಟ್ಟು ಮಂಡಿಚಿಪ್ಪನ್ನು ಒತ್ತಿದವರನ್ನು ಮುಂದಕ್ಕೆ ಬಿಡದೆ, ಮಾಪಕದ ಸ್ಥಿರ ತೋಳು ಗ್ರೇಟರ್ ಟ್ರೊಕ್ಯಾಂಟರ್ (ತೊಡೆಮೂಳೆಯ ಮೇಲ್ತುದಿಯ ಹೊರಗಿನ ಉಬ್ಬು) ಕಡೆಗೂ ಚಲಿಸುವ ತೋಳು ಲ್ಯಾಟರಲ್ ಮ್ಯಾಲಿಯೋಲಸ್ (ಪಾದದ ಕೀಲಿನ ಹೊರಬದಿಯ ಗಂಟು) ಕಡೆಗೂ ಇರಬೇಕೆಂಬುದನ್ನು ತೋರಿಸಿ, ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತದೆ. ಯಾರು ಎಲ್ಲಿ ಎಡವಿದರು ಎಂಬ ಪಟ್ಟಿ ತರಗತಿಗೆ ಮುಂಚೆಯೇ ಸಿಗುವುದರಿಂದ, ಯಾರ ಪಕ್ಕದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕೆಂದು ನನಗೆ ಗೊತ್ತಿರುತ್ತದೆ.

ಎಂಡ್ ಫೀಲ್ ಅನ್ನು, ಅಂದರೆ ಕೀಲು ತನ್ನ ಚಲನೆಯ ಕೊನೆ ಮುಟ್ಟಿದಾಗ ಪರೀಕ್ಷಿಸುವವರ ಕೈಗೆ ಸಿಗುವ ಅನುಭವವನ್ನು, ಎರಡೂ ಕಲಿಸಲಾರವು. ಮೊಣಕೈಯನ್ನು ನೇರವಾಗಿ ಚಾಚಿಸಿದಾಗ ಮೂಳೆಗೆ ಮೂಳೆ ತಾಗಿ ನಿಲ್ಲುವ ಗಟ್ಟಿತನವನ್ನು ಕೈಯೇ ಅರಿಯಬೇಕು. ಹಳೆಯ ಕಂಪ್ಯೂಟರುಗಳಲ್ಲಿ ತಂತ್ರಾಂಶ ತಡವರಿಸುತ್ತದೆ, ವಿಡಿಯೊ ಸರಾಗವಾಗಿ ಓಡುತ್ತದೆ.

ಉಪನ್ಯಾಸವನ್ನು ಮೊಟಕುಗೊಳಿಸಿ ಹೆಚ್ಚು ಹೊತ್ತನ್ನು ಕೈಯ ಅಭ್ಯಾಸಕ್ಕೆ ಬಿಡುವುದು ನನ್ನ ರೂಢಿ; ವಿಭಾಗದ ಹಣವೂ ಮಿತವಾದದ್ದು. ಹಾಗಾಗಿ ಪ್ರತಿ ವಿದ್ಯಾರ್ಥಿಗೂ ವರ್ಷವರ್ಷ ತಂತ್ರಾಂಶದ ಲೈಸೆನ್ಸ್ ನವೀಕರಿಸುವುದನ್ನು ಕೈಬಿಟ್ಟು, ಸ್ನಾಯುಗಳ ಪಾಠಕ್ಕಾಗಿ ಬೋಧಕರ ಕಂಪ್ಯೂಟರಿಗೆ ಒಂದನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಅಂಗರಚನೆಯನ್ನಷ್ಟೇ ಕಲಿಸುವವರಿಗೆ ಈ ಲೆಕ್ಕ ತಿರುವುಮುರುವಾಗಬಹುದು.